ಲ್ಯಾಬ್ ಇಲ್ಲದ ಶಾಲೆಯಲ್ಲಿ ವಿಜ್ಞಾನ: ಒಂದು ಹಿಡಿ ಹೆಸರುಕಾಳಿನಿಂದ ಶುರು ಮಾಡಿ

"ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ. ಸಾಮಾನು ತರಿಸೋಕೆ ದುಡ್ಡಿಲ್ಲ. ನಾಲ್ಕು, ಐದು ಎರಡೂ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ವಿಜ್ಞಾನ ಹೇಗೆ ಕಲಿಸೋದು?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರೇ ಜಾಸ್ತಿ. ಮನೆಯಲ್ಲಿ ಮಕ್ಕಳ ಕೈಲಿ ಏನಾದರೂ ಮಾಡಿಸಬೇಕು ಅನ್ನುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದ ಶಾಲೆಗಳಲ್ಲಿ ಐದನೇ ತರಗತಿವರೆಗೆ ವಿಜ್ಞಾನ ಅನ್ನುವ ಹೆಸರಿನ ಪುಸ್ತಕವೇ ಇಲ್ಲ. ಅದು 'ಪರಿಸರ ಅಧ್ಯಯನ'ದೊಳಗೆ ಸಮಾಜ ವಿಷಯದ ಜೊತೆ ಬೆರೆತು ಬರುತ್ತದೆ. ಆರನೇ ತರಗತಿಗೆ ಬಂದಾಗ ಬೇರೆ ವಿಷಯವಾಗುತ್ತದೆ. ಹಾಗಾಗಿ ಕೆಳಗಿನ ತರಗತಿಗಳಲ್ಲಿ ಸೂತ್ರ, ವ್ಯಾಖ್ಯೆ ಬಾಯಿಪಾಠ ಮಾಡಿಸುವ ಅಗತ್ಯವೇ ಇಲ್ಲ. ಈ ವಯಸ್ಸಿನಲ್ಲಿ ಮಕ್ಕಳಿಗೆ ಮೂರು ಅಭ್ಯಾಸ ಬಂದರೆ ಸಾಕು: ಸರಿಯಾಗಿ ನೋಡುವುದು, ಏನಾಗಬಹುದು ಎಂದು ಊಹಿಸುವುದು, ಊಹೆ ಸುಳ್ಳಾದರೆ ಅದನ್ನು ಬಿಟ್ಟುಕೊಡುವುದು.

ಇದಕ್ಕೆ ನಾನು ಪಾಲಿಸುವ ನಿಯಮ ಒಂದೇ. ಮೊದಲು ಮಕ್ಕಳು ಊಹೆ ಹೇಳಬೇಕು. ಆಮೇಲೆ ಕಣ್ಣಾರೆ ನೋಡಬೇಕು. ನಮ್ಮ ಮಾತು ಕೊನೆಗೆ. ಈ ಕ್ರಮ ತಲೆಕೆಳಗಾದರೆ ಎಷ್ಟು ದುಬಾರಿ ಸಾಮಾನಿದ್ದರೂ ಅದು ಪ್ರಯೋಗ ಆಗುವುದಿಲ್ಲ, ಬರೀ ಪ್ರದರ್ಶನ ಆಗುತ್ತದೆ.

ಮೂರು, ನಾಲ್ಕು, ಐದನೇ ತರಗತಿಗೆ ಹೊಂದುವ ಒಂದು ಪಾಠವನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿ ಹೇಳುತ್ತೇನೆ: ಬೀಜ ಮೊಳಕೆ ಒಡೆಯುವುದು. ಎರಡು ವಾರದ ಕೆಲಸ. ದಿನಕ್ಕೆ ಹತ್ತು ನಿಮಿಷ, ನಡುವೆ ಎರಡು ಪೂರ್ತಿ ಪಿರಿಯಡ್ ಸಾಕು. ಕೊನೆಯಲ್ಲಿ ಇದೇ ಕ್ರಮದಲ್ಲಿ ಮಾಡಬಹುದಾದ ಇನ್ನೂ ಎರಡು ಪಾಠಗಳನ್ನು ಚುಟುಕಾಗಿ ಕೊಟ್ಟಿದ್ದೇನೆ.

ಬೇಕಾಗುವ ಸಾಮಾನು

ಐದೈದು ಮಕ್ಕಳ ಒಂದೊಂದು ಗುಂಪಿಗೆ:

- ಆಚೆಯಿಂದ ಒಳಗೆ ಕಾಣುವ ನಾಲ್ಕು ಲೋಟ. ಗಾಜಿನದೇ ಬೇಕೆಂದಿಲ್ಲ. ನೀರಿನ ಬಾಟಲಿಯ ಬುಡ ಕತ್ತರಿಸಿದರೂ ಆಗುತ್ತದೆ. ಕತ್ತರಿಸುವ ಕೆಲಸ ನೀವೇ ಮನೆಯಲ್ಲಿ ಮಾಡಿ, ಅಂಚು ಚೂಪಾಗಿದ್ದರೆ ಟೇಪ್ ಸುತ್ತಿ.
- ಒಂದು ಹಿಡಿ ಹೆಸರುಕಾಳು, ಸ್ವಲ್ಪ ಕಡಲೆಕಾಳು.
- ಹಳೆ ಹತ್ತಿ ಬಟ್ಟೆಯ ತುಂಡುಗಳು, ನೋಟ್‌ಬುಕ್ಕಿನ ಖಾಲಿ ಹಾಳೆ.
- ದಾರ, ಸ್ಕೇಲು, ಪೆನ್ಸಿಲ್.
- ಸಿಕ್ಕರೆ ಒಂದು ಭೂತಗನ್ನಡಿ. ಇಡೀ ತರಗತಿಗೆ ಒಂದಿದ್ದರೂ ನಡೆಯುತ್ತದೆ.
- ಒಂದು ರಟ್ಟಿನ ಡಬ್ಬ.

ಕಾಳಿನ ವಿಷಯದಲ್ಲಿ ಎಚ್ಚರ ಬೇಕು. ಅಡುಗೆಮನೆಯ ಕಾಳನ್ನೇ ತನ್ನಿ. ಬಿತ್ತನೆ ಬೀಜದ ಅಂಗಡಿಯಲ್ಲಿ ಸಿಗುವ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ. ಗುಲಾಬಿಯೋ ಹಸಿರೋ ಬಣ್ಣ ಕಂಡರೆ ಅದು ವಿಷ ಎಂದೇ ತಿಳಿಯಿರಿ, ಮಕ್ಕಳ ಕೈಗೆ ಕೊಡಬೇಡಿ. ಎರಡನೆಯದು, ತುಂಬಾ ಹಳೆಯ ಕಾಳಾದರೆ ಅರ್ಧಕ್ಕರ್ಧ ಮೊಳೆಯುವುದಿಲ್ಲ. ಪಾಠಕ್ಕೆ ಒಂದು ವಾರ ಮುಂಚೆ ಮನೆಯಲ್ಲಿ ಇಪ್ಪತ್ತು ಕಾಳು ನೆನೆಹಾಕಿ ನೋಡಿ. ಹದಿನೈದಕ್ಕಿಂತ ಕಡಿಮೆ ಮೊಳೆತರೆ ಬೇರೆ ಕಾಳು ತನ್ನಿ. ಮೂರನೆಯದು, ಒಂದು ಎರಡನೇ ತರಗತಿಯ ಪುಟ್ಟ ಮಕ್ಕಳು ಕಾಳನ್ನು ಮೂಗಿಗೋ ಕಿವಿಗೋ ಹಾಕಿಕೊಳ್ಳುವುದುಂಟು. ಅವರಿಗೆ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ.

ಹಂತ 1: ವಾರದ ಲೆಕ್ಕ ಹಾಕಿ

ಇದು ಸಣ್ಣ ಸಂಗತಿ ಅನಿಸುತ್ತದೆ. ಆದರೆ ಹೆಚ್ಚಿನ ಪ್ರಯೋಗ ಕೆಡುವುದು ಇಲ್ಲೇ. ಶುಕ್ರವಾರವೋ ಶನಿವಾರವೋ ಕಾಳು ಇಟ್ಟರೆ ಭಾನುವಾರ ನೀರು ಹಾಕುವವರು ಇರುವುದಿಲ್ಲ. ಸೋಮವಾರ ಬರುವಷ್ಟರಲ್ಲಿ ಬಟ್ಟೆ ಒಣಗಿ ಮೊಳಕೆ ಸತ್ತಿರುತ್ತದೆ. ಮಕ್ಕಳ ಮುಖ ಬಾಡಿರುತ್ತದೆ, ನಿಮ್ಮದೂ ಅಷ್ಟೇ.

ಸೋಮವಾರ ಮೊದಲ ಪಿರಿಯಡ್ ಮಾಡಿ. ಅದಕ್ಕೆ ಭಾನುವಾರ ರಾತ್ರಿ ಕಾಳು ನೆನೆಹಾಕಿ. ಎಂಟು ಗಂಟೆ ನೆನೆದರೆ ಸಾಕು. ಒಂದಿಷ್ಟು ಕಾಳನ್ನು ನೆನೆಹಾಕದೆ ಒಣಗಿದ್ದ ಹಾಗೆಯೇ ಇಟ್ಟುಕೊಳ್ಳಿ. ಆ ವಾರದಲ್ಲಿ ಹಬ್ಬದ ರಜೆ, ತರಬೇತಿ, ಕ್ರೀಡಾಕೂಟ ಇಲ್ಲ ಎಂದು ನೋಡಿಕೊಳ್ಳಿ.

ಹಂತ 2: ಊಹೆ ಬರೆಸಿ, ಉತ್ತರ ಹೇಳಬೇಡಿ

ನೆನೆದ ಕಾಳು ಒಂದು, ಒಣ ಕಾಳು ಒಂದು, ಎರಡನ್ನೂ ಪ್ರತಿ ಮಗುವಿನ ಅಂಗೈಗೆ ಕೊಡಿ. ಏನು ವ್ಯತ್ಯಾಸ ಎಂದು ಕೇಳಿ. ಉಬ್ಬಿದೆ, ಮೆತ್ತಗಾಗಿದೆ, ಸಿಪ್ಪೆ ಸಡಿಲವಾಗಿದೆ ಎನ್ನುತ್ತಾರೆ. ನೆನೆದ ಕಡಲೆಕಾಳಿನ ಸಿಪ್ಪೆ ಸುಲಿದು ನಿಧಾನಕ್ಕೆ ಎರಡು ಹೋಳು ಮಾಡಿಸಿ. ಹೆಸರುಕಾಳಿಗಿಂತ ಕಡಲೆ ದೊಡ್ಡದು, ಪುಟ್ಟ ಬೆರಳಿಗೆ ಸುಲಭ. ಎರಡು ಹೋಳು ಸೇರುವ ತುದಿಯಲ್ಲಿ ಬೆಳ್ಳಗೆ ಸಣ್ಣದೊಂದು ಮೊಳೆ ಕಾಣುತ್ತದೆ. ಅದೇ ಮುಂದೆ ಗಿಡವಾಗುವ ಭಾಗ, ಅದರ ಹೆಸರು ಭ್ರೂಣ. ಆ ಎರಡು ಹೋಳುಗಳು ಬೀಜದಳಗಳು. ಅಂದರೆ ಗಿಡಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ಈ ಎರಡು ಹೆಸರು ಬಿಟ್ಟರೆ ಈ ದಿನ ಬೇರೆ ಹೆಸರು ಬೇಡ.

ಈಗ ಕೇಳಿ: "ಈ ಕಾಳಿಂದ ಮೊದಲು ಆಚೆ ಬರೋದು ಯಾವುದು? ಎಲೆನಾ, ಬೇರಾ?" ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆಯಲಿ. ಹೆಚ್ಚಿನವರು ಎರಡು ಎಲೆ ಬರೆಯುತ್ತಾರೆ. ಬರೆಯಲಿ, ತಿದ್ದಬೇಡಿ.

ಮುಂದಿನ ಪ್ರಶ್ನೆ: "ಮೊಳಕೆ ಬರೋಕೆ ಏನೇನು ಬೇಕು?" ಬಂದ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ನೀರು, ಮಣ್ಣು, ಬಿಸಿಲು, ಗೊಬ್ಬರ, ಗಾಳಿ ಎಲ್ಲ ಬರುತ್ತದೆ. ಒಂದಕ್ಕೂ ಸರಿ ತಪ್ಪು ಹಾಕಬೇಡಿ. ನಿಮ್ಮ ಮುಖದಲ್ಲೂ ಉತ್ತರ ಕಾಣಬಾರದು. ಮಕ್ಕಳು ಪುಸ್ತಕಕ್ಕಿಂತ ನಮ್ಮ ಮುಖವನ್ನು ಚೆನ್ನಾಗಿ ಓದುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ, ಒಬ್ಬ ಜಾಣ ಮಗು ಸರಿ ಉತ್ತರ ಹೇಳಿಬಿಡುತ್ತದೆ, ನಾವು "ಕರೆಕ್ಟ್!" ಎಂದುಬಿಡುತ್ತೇವೆ. ಅಲ್ಲಿಗೆ ಉಳಿದವರೆಲ್ಲ ಯೋಚಿಸುವುದನ್ನು ನಿಲ್ಲಿಸುತ್ತಾರೆ. "ಹೌದಾ? ನೋಡೋಣ" ಎನ್ನಿ. ಎಲ್ಲ ಉತ್ತರಕ್ಕೂ ಅದೇ ಮಾತು ಹೇಳಿ.

ಊಹೆಯನ್ನು ಬರೆಸುವುದು ಯಾಕೆಂದರೆ, ಬರೆಯದಿದ್ದರೆ ಫಲಿತಾಂಶ ಬಂದ ಮೇಲೆ ಎಲ್ಲರೂ "ನಾನೂ ಅದೇ ಅಂದಿದ್ದೆ" ಎನ್ನುತ್ತಾರೆ. ಅವರು ಸುಳ್ಳು ಹೇಳುವುದಲ್ಲ, ನಿಜವಾಗಿಯೂ ಹಾಗೆ ಅನಿಸಿರುತ್ತದೆ. ಹಾಳೆಯ ಮೇಲೆ ಇದ್ದರೆ ತಮ್ಮ ಮನಸ್ಸು ಬದಲಾದದ್ದು ಅವರಿಗೇ ಕಾಣುತ್ತದೆ.

ಹಂತ 3: ನಾಲ್ಕು ಲೋಟ, ಒಂದೇ ಬದಲಾವಣೆ

ಲೋಟದ ಒಳಗೋಡೆಗೆ ಸುತ್ತಲೂ ಹಾಳೆ ಇಟ್ಟು, ನಡುವೆ ಬಟ್ಟೆ ತುರುಕಿ. ಹಾಳೆಗೂ ಲೋಟದ ಗೋಡೆಗೂ ನಡುವೆ ಹತ್ತು ಕಾಳು ಸಿಕ್ಕಿಸಿ. ಹೀಗೆ ಮಾಡಿದರೆ ಬೇರು, ಕಾಂಡ ಎಲ್ಲ ಆಚೆಯಿಂದಲೇ ಕಾಣುತ್ತದೆ. ಮಣ್ಣಲ್ಲಿ ನೆಟ್ಟರೆ ಇದೇ ಭಾಗ ಕಣ್ಣಿಗೆ ತಪ್ಪಿಹೋಗುತ್ತದೆ. ಈ ನಾಲ್ಕು ಲೋಟಗಳಿಗೂ ನೆನೆಹಾಕದ ಒಣ ಕಾಳನ್ನೇ ಹಾಕಿ. ಇಲ್ಲದಿದ್ದರೆ ನೀರಿಲ್ಲದ ಲೋಟದಲ್ಲೂ ನೆನೆದ ನೀರಿನಿಂದಲೇ ಮೊಳಕೆ ಬಂದುಬಿಡಬಹುದು.

ಒಂದನೇ ಲೋಟ: ಬಟ್ಟೆ ಒದ್ದೆ, ಕಿಟಕಿ ಹತ್ತಿರ.
ಎರಡನೇ ಲೋಟ: ಬಟ್ಟೆ ಒಣ, ಕಿಟಕಿ ಹತ್ತಿರ.
ಮೂರನೇ ಲೋಟ: ಬಟ್ಟೆ ಒದ್ದೆ, ರಟ್ಟಿನ ಡಬ್ಬದೊಳಗೆ ಕತ್ತಲಲ್ಲಿ.
ನಾಲ್ಕನೇ ಲೋಟ: ಕಾಳು ಪೂರ್ತಿ ನೀರಲ್ಲಿ ಮುಳುಗಿರಬೇಕು, ಕಿಟಕಿ ಹತ್ತಿರ.

ಒಂದನೇ ಲೋಟಕ್ಕೂ ಉಳಿದ ಒಂದೊಂದು ಲೋಟಕ್ಕೂ ನಡುವೆ ಬೇರೆಯಾಗಿರುವುದು ಒಂದೇ ಸಂಗತಿ. ಈ ಬದಲಾಗುವ ಸಂಗತಿಗೆ ಪುಸ್ತಕದ ಭಾಷೆಯಲ್ಲಿ 'ಚರಾಂಶ' ಎನ್ನುತ್ತಾರೆ. ಮಕ್ಕಳಿಗೆ ಆ ಪದ ಬೇಡ. ಓಟದ ಪಂದ್ಯದ ಹಾಗೆ ಹೇಳಿ. ಒಬ್ಬನಿಗೆ ಚಪ್ಪಲಿ, ಇನ್ನೊಬ್ಬನಿಗೆ ಶೂ, ಒಬ್ಬ ಮೊದಲೇ ಶುರು ಮಾಡಿದ, ಇನ್ನೊಬ್ಬ ತಡವಾಗಿ. ಆಗ ಗೆದ್ದವನು ಯಾಕೆ ಗೆದ್ದ ಅಂತ ಹೇಳೋಕಾಗುತ್ತಾ? ಆಗಲ್ಲ ಅಲ್ವಾ. ಒಂಬತ್ತು ವರ್ಷದ ಮಗುವಿಗೆ ಇದು ತಕ್ಷಣ ಹಿಡಿಸುತ್ತದೆ. ಆಟದಲ್ಲಿ ಮೋಸವನ್ನು ಅವರು ನಮಗಿಂತ ಬೇಗ ಕಂಡುಹಿಡಿಯುತ್ತಾರೆ.

ಮನೆಯಲ್ಲಿ ಮಾಡುವವರು ಐದನೇ ಲೋಟವನ್ನು ಫ್ರಿಜ್ಜಿನಲ್ಲಿ ಇಡಬಹುದು. ಅದನ್ನು ಯಾವ ಲೋಟದ ಜೊತೆ ಹೋಲಿಸಬೇಕು ಎಂದು ಮಗುವನ್ನೇ ಕೇಳಿ. ಫ್ರಿಜ್ಜಿನ ಬಾಗಿಲು ಮುಚ್ಚಿದರೆ ಒಳಗೆ ಕತ್ತಲು. ಹಾಗಾಗಿ ಮೂರನೇ ಲೋಟದ ಜೊತೆ ಹೋಲಿಸಿದರೆ ಮಾತ್ರ ನ್ಯಾಯ. ಇದನ್ನು ಮಗು ತಾನಾಗಿ ಹೇಳಿದರೆ ಈ ಪಾಠದ ಅರ್ಧ ಭಾಗ ಮುಗಿದಂತೆ.

ಹಂತ 4: ಕೆಲಸ ಹಂಚಿ

ಗುಂಪಿನಲ್ಲಿ ಐದು ಕೆಲಸ: ನೀರು ಹಾಕುವುದು, ಎಣಿಸುವುದು, ಅಳೆಯುವುದು, ಬರೆಯುವುದು, ಜಾಗ ಒರೆಸುವುದು. ದಿನಾ ಸರದಿ ಬದಲಾಗಬೇಕು. ಸುಮ್ನೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಹೆಣ್ಣುಮಕ್ಕಳು ಒರೆಸುತ್ತಾರೆ, ತೊಳೆಯುತ್ತಾರೆ. ಸ್ಕೇಲು, ಭೂತಗನ್ನಡಿ ಗಂಡುಮಕ್ಕಳ ಕೈಗೆ ಹೋಗುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ಹಾಗೇ ಆಗುತ್ತದೆ. ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಅದರ ಪ್ರಕಾರವೇ ನಡೆಸಿ.

ನೀರು ಹಾಕುವುದಕ್ಕೆ ಅಳತೆ ಕೊಡಿ. ದಿನಕ್ಕೆ ಎರಡು ಚಮಚ, ಅಷ್ಟೇ. ಪ್ರೀತಿ ಹೆಚ್ಚಾಗಿ ಮಕ್ಕಳು ಲೋಟದ ತುಂಬ ನೀರು ಸುರಿಯುತ್ತಾರೆ. ಆಗ ಒಂದನೇ ಲೋಟವೂ ನಾಲ್ಕನೇ ಲೋಟವೂ ಒಂದೇ ಆಗಿಬಿಡುತ್ತದೆ.

ಹಂತ 5: ದಿನಾ ಹತ್ತು ನಿಮಿಷ ನೋಡಿಸಿ

ಈ ಹಂತಕ್ಕೆ ಅವಸರ ಬೇಡ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅಥವಾ ಬಿಸಿಯೂಟ ಆದ ಮೇಲೆ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಪ್ರತಿ ಮಗು ತನ್ನ ಪುಸ್ತಕದಲ್ಲಿ ದಿನಾಂಕ ಹಾಕಿ, ಒಂದು ಚಿತ್ರ, ಎರಡು ಸಾಲು ಬರೆಯಬೇಕು.

ನೀವು ಬೋರ್ಡಿನ ಮೇಲೆ ಚಿತ್ರ ಬರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನೀವು ಬರೆದರೆ ಮೂವತ್ತೈದು ಪುಸ್ತಕದಲ್ಲೂ ನಿಮ್ಮ ಚಿತ್ರವೇ ಇರುತ್ತದೆ. ಲೋಟದ ಕಡೆ ಒಬ್ಬರೂ ನೋಡಿರುವುದಿಲ್ಲ. ಮಗುವಿನ ಚಿತ್ರ ಸೊಟ್ಟಗಿರಲಿ. ಕಾಳು ಹಸಿರಿದೆಯಾ, ಬೇರು ಯಾವ ಕಡೆಯಿಂದ ಬಂದಿದೆ, ಎಷ್ಟು ಉದ್ದ ಎಂಬುದು ಅದರಲ್ಲಿ ಇದ್ದರೆ ಸಾಕು.

ಹೆಸರುಕಾಳಿನಲ್ಲಿ ನೋಡಲು ಸಿಗುವುದು ಸುಮಾರಾಗಿ ಹೀಗಿರುತ್ತದೆ. ಮೊದಲ ದಿನ ಕಾಳು ಉಬ್ಬುತ್ತದೆ. ಎರಡನೇ ದಿನಕ್ಕೆ ಸಿಪ್ಪೆ ಸೀಳಿ ಬಿಳಿ ಬೇರು ಇಣುಕುತ್ತದೆ. ಎಲೆ ಬರೆದಿದ್ದವರು ಇಲ್ಲಿ ತಮ್ಮ ಹಳೆ ಚಿತ್ರ ತೆಗೆದು ನೋಡುತ್ತಾರೆ. ಮೂರು ನಾಲ್ಕನೇ ದಿನಕ್ಕೆ ಕಾಂಡ ಕೊಕ್ಕೆಯ ಹಾಗೆ ಬಗ್ಗಿಕೊಂಡು ಮೇಲೇಳುತ್ತದೆ. ಆಮೇಲೆ ನೆಟ್ಟಗಾಗಿ ಎರಡು ಎಲೆ ಬಿಚ್ಚುತ್ತದೆ. ಚಳಿಗಾಲದಲ್ಲಿ ಇದೆಲ್ಲ ಒಂದೆರಡು ದಿನ ತಡವಾಗಬಹುದು.

ಬೇರು ಸೊಟ್ಟಗಿರುತ್ತದೆ, ಸ್ಕೇಲಿನಲ್ಲಿ ಅಳೆಯಲು ಬರುವುದಿಲ್ಲ. ಏನು ಮಾಡೋದು ಎಂದು ಮಕ್ಕಳನ್ನೇ ಕೇಳಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ತನ್ನ ಲಂಗದ ಅಂಚಿನಿಂದ ಒಂದು ದಾರ ಎಳೆದು, ಅದನ್ನು ಲೋಟದ ಆಚೆಯಿಂದ ಬೇರಿನ ಗುಂಟ ಇಟ್ಟು, ಆ ದಾರವನ್ನು ಸ್ಕೇಲಿಗೆ ಹಿಡಿದಳು. ಅಂದಿನಿಂದ ಸಾಮಾನಿನ ಪಟ್ಟಿಗೆ ದಾರ ಸೇರಿತು.

ಮೂರನೇ ದಿನದ ಹೊತ್ತಿಗೆ ಯಾರಾದರೂ "ಮಿಸ್, ಬೂಸ್ಟು ಬಂದಿದೆ" ಎಂದು ಕೂಗುತ್ತಾರೆ. ಅವಸರದಲ್ಲಿ ಎಸೆಯಬೇಡಿ. ಭೂತಗನ್ನಡಿ ಹಿಡಿದು ನೋಡಿ. ಬೇರಿನ ತುದಿಗೆ ಸ್ವಲ್ಪ ಹಿಂದೆ, ಸುತ್ತಲೂ ಒಂದೇ ಸಮನಾಗಿ ಬಿಳಿ ನವಿರು ಎದ್ದಿದ್ದರೆ, ವಾಸನೆ ಇಲ್ಲದಿದ್ದರೆ, ಅದು ಬೂಸ್ಟು ಅಲ್ಲ. ಅವು ಬೇರುರೋಮಗಳು, ಗಿಡ ನೀರು ಹೀರುವ ಕೂದಲು. ಕಾಳಿನ ಸಿಪ್ಪೆಯ ಮೇಲೆ ಅಲ್ಲಲ್ಲಿ ಗುಂಪಾಗಿ, ಬೂದಿಯೋ ಕಪ್ಪೋ ಬಣ್ಣದಲ್ಲಿ, ಮುಗ್ಗಲು ವಾಸನೆಯ ಜೊತೆ ಇದ್ದರೆ ಅದು ಬೂಸ್ಟು. ಆ ಕಾಳನ್ನು ತೆಗೆದು ಹಾಕಿ, ಎಲ್ಲರೂ ಕೈ ತೊಳೆಯಲಿ.

ಒಂದು ಸಣ್ಣ ಆಟ. ಬೇರು ಒಂದು ಇಂಚು ಬಂದ ಮೇಲೆ, ಒಂದು ಗುಂಪಿನ ಲೋಟವನ್ನು ಅಡ್ಡಡ್ಡ ಮಲಗಿಸಿ. ಬೇರು ಈಗ ಯಾವ ಕಡೆ ಹೋಗುತ್ತೆ ಎಂದು ಊಹೆ ಬರೆಸಿ. ಒಂದೆರಡು ದಿನದಲ್ಲಿ ಬೇರಿನ ತುದಿ ಮತ್ತೆ ನೆಲದ ಕಡೆಗೆ ತಿರುಗಿರುತ್ತದೆ, ಕಾಂಡ ಮೇಲಕ್ಕೆ. ಮಣ್ಣೇ ಇಲ್ಲದಿದ್ದರೂ ಬೇರಿಗೆ ಕೆಳಗೆ ಯಾವ ಕಡೆ ಅಂತ ಹೇಗೆ ಗೊತ್ತಾಯಿತು? ಭೂಮಿಯ ಸೆಳೆತ ಎಂಬ ಮಾತನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಹಂತ 6: ಕತ್ತಲಿನ ಲೋಟಕ್ಕೆ ಹೆದರಬೇಡಿ

ಈ ಪಾಠದಲ್ಲಿ ಶಿಕ್ಷಕರು ಗಲಿಬಿಲಿಯಾಗುವ ಜಾಗ ಇದು. ಆರನೇ ಏಳನೇ ದಿನ ರಟ್ಟಿನ ಡಬ್ಬ ತೆಗೆದರೆ, ಕತ್ತಲಲ್ಲಿದ್ದ ಮೊಳಕೆಗಳು ಕಿಟಕಿ ಹತ್ತಿರದವಕ್ಕಿಂತ ಉದ್ದ ಬೆಳೆದಿರುತ್ತವೆ. ಮಕ್ಕಳು "ಬಿಸಿಲು ಬೇಡವೇ ಬೇಡ, ಕತ್ತಲಲ್ಲೇ ಚೆನ್ನಾಗಿ ಬೆಳೀತದೆ" ಎಂದು ಗೆದ್ದವರ ಹಾಗೆ ಹೇಳುತ್ತಾರೆ.

ನನಗೆ ಮೊದಲ ಸಲ ಹೀಗಾದಾಗ ಆ ಲೋಟವನ್ನು ಮೆಲ್ಲಗೆ ಪಕ್ಕಕ್ಕಿಟ್ಟು, "ಇದು ಏನೋ ತಪ್ಪಾಗಿದೆ" ಎಂದುಬಿಟ್ಟೆ. ಅದು ನಾನು ಮಾಡಿದ ದೊಡ್ಡ ತಪ್ಪು. ಮಕ್ಕಳು ಕಣ್ಣಾರೆ ಕಂಡದ್ದನ್ನು ನಾನೇ ಸುಳ್ಳು ಅಂದೆ.

ಏನು ಮಾಡಬೇಕೆಂದರೆ, ಎರಡು ಲೋಟವನ್ನೂ ಪಕ್ಕಪಕ್ಕ ಇಟ್ಟು ಮತ್ತೆ ನೋಡಿಸಿ. ಉದ್ದ ಬಿಟ್ಟು ಬೇರೇನು ವ್ಯತ್ಯಾಸ? ಕತ್ತಲಿನದು ಹಳದಿ ಬಿಳುಪು, ಕಾಂಡ ಸಣಕಲು, ಎಲೆ ಪುಟ್ಟದು, ಮುಟ್ಟಿದರೆ ಬೀಳುತ್ತದೆ. ಕಿಟಕಿಯದು ಗಿಡ್ಡ, ಹಸಿರು, ಗಟ್ಟಿ. ಬೆಳಕು ಸಿಗದ ಗಿಡ ಬೆಳಕು ಹುಡುಕಿಕೊಂಡು ಉದ್ದಕ್ಕೆ ಚಾಚುತ್ತದೆ. ಅದಕ್ಕೆ ಬೇಕಾದ ಶಕ್ತಿ ಬೀಜದಳದ ಬುತ್ತಿಯಿಂದ ಬರುತ್ತದೆ. ಬುತ್ತಿ ಮುಗಿದ ಮೇಲೆ ಏನಾಗುತ್ತದೆ? ಇದಕ್ಕೂ ಊಹೆ ಬರೆಸಿ, ಡಬ್ಬವನ್ನು ಮತ್ತೆ ಮುಚ್ಚಿ, ಇನ್ನೊಂದು ವಾರ ಬಿಡಿ. ಒಂದೊಂದಾಗಿ ಬಾಡಿ ಬೀಳುವುದನ್ನು ಅವರೇ ನೋಡುತ್ತಾರೆ.

ಹೀಗಾಗಿ "ಬೀಜ ಮೊಳೆಯಲು ಬಿಸಿಲು ಬೇಕು" ಎಂದು ಬರೆಸಬೇಡಿ. ಹೆಸರು, ಕಡಲೆಯಂಥ ಕಾಳು ಮೊಳೆಯಲು ಬೇಕಾದ್ದು ನೀರು, ಗಾಳಿ, ಹದವಾದ ಬೆಚ್ಚಗಿನ ವಾತಾವರಣ. ಬೆಳಕು ಬೇಕಾಗುವುದು ಆಮೇಲೆ, ಗಿಡ ಹಸಿರಾಗಿ ತನ್ನ ಊಟ ತಾನೇ ಮಾಡಿಕೊಳ್ಳಲು. ಬೆಳಕು ಬಿದ್ದರೆ ಮಾತ್ರ ಮೊಳೆಯುವ ಕೆಲವು ಸಣ್ಣ ಬೀಜಗಳೂ ಇವೆ, ಆದ್ದರಿಂದ "ಎಲ್ಲ ಬೀಜಕ್ಕೂ ಹೀಗೇ" ಎಂದೂ ಹೇಳಬೇಡಿ.

ಮಣ್ಣಿನ ಮಾತೂ ಇಲ್ಲೇ ಬರುತ್ತದೆ. ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂಬುದು ಮಕ್ಕಳಲ್ಲಿ ಬಲವಾಗಿ ಬೇರೂರಿದ ನಂಬಿಕೆ. ನಮ್ಮ ಲೋಟದಲ್ಲಿ ಮಣ್ಣೇ ಇಲ್ಲ, ಆದರೂ ಒಂದು ವಾರ ಬೆಳೆಯಿತಲ್ಲ, ಊಟ ಎಲ್ಲಿಂದ ಬಂತು? ಬೀಜದಳಗಳು ದಿನದಿಂದ ದಿನಕ್ಕೆ ಸೊರಗಿ ಸುಕ್ಕಾಗಿರುವುದನ್ನು ತೋರಿಸಿ. ಉತ್ತರ ಅವರ ಬಾಯಿಂದಲೇ ಬರುತ್ತದೆ.

ನಾಲ್ಕನೇ ಲೋಟದ ಬಗ್ಗೆಯೂ ಎಚ್ಚರಿಕೆ ಇರಲಿ. ಮುಳುಗಿದ ಕಾಳಿನಲ್ಲಿ ಕೆಲವು ಸ್ವಲ್ಪ ಮೊಳಕೆ ತೋರಿಸಬಹುದು. ನೀರಿನಲ್ಲೂ ಸ್ವಲ್ಪ ಗಾಳಿ ಕರಗಿರುತ್ತದೆ, ಅದಕ್ಕೇ. ಆಮೇಲೆ ಅಲ್ಲೇ ನಿಂತು, ಕೊಳೆತು, ವಾಸನೆ ಬರುತ್ತದೆ. ಆದದ್ದನ್ನು ಆದ ಹಾಗೆ ಬರೆಸಿ. ಐದನೇ ದಿನದ ಮೇಲೆ ಆ ಲೋಟವನ್ನು ತರಗತಿಯಲ್ಲಿ ಇಟ್ಟುಕೊಳ್ಳಬೇಡಿ.

ಹಂತ 7: ಮಾತಾಡಿಸಿ, ಆಮೇಲೆ ಪದ ಕೊಡಿ

ಎರಡನೇ ವಾರದ ಕೊನೆಗೆ ಒಂದು ಪೂರ್ತಿ ಪಿರಿಯಡ್ ಮಾತಿಗೆ ಇಡಿ. ಪ್ರತಿ ಗುಂಪು ತಮ್ಮ ಪುಸ್ತಕ ಹಿಡಿದು ಬಂದು ಹೇಳಲಿ: ನಾವು ಏನು ಅಂದುಕೊಂಡಿದ್ದೆವು, ಏನಾಯಿತು. ಹತ್ತು ಕಾಳಿನಲ್ಲಿ ಎಷ್ಟು ಮೊಳೆತವು ಎಂಬುದನ್ನು ಎಲ್ಲ ಗುಂಪಿನದೂ ಬೋರ್ಡಿನ ಮೇಲೆ ಪಟ್ಟಿ ಮಾಡಿ. ಒಂದು ಗುಂಪಿಗೆ ಒಂಬತ್ತು, ಇನ್ನೊಂದಕ್ಕೆ ಏಳು ಬಂದಿರುತ್ತದೆ. ಯಾಕೆ ಒಂದೇ ಬಂದಿಲ್ಲ ಎಂದು ಕೇಳಿ. ಒಂದೇ ಕಾಳು ಹಾಕಿ ನೋಡಿದ್ದರೆ, ಅದೂ ಮೊಳೆಯದ ಕಾಳೇ ಆಗಿದ್ದರೆ ನಾವು ಏನು ತಿಳಿದುಕೊಳ್ಳುತ್ತಿದ್ದೆವು? ಹತ್ತು ಕಾಳು ಯಾಕೆ ಹಾಕಿದೆವು ಎಂಬುದು ಆಗ ಅರ್ಥವಾಗುತ್ತದೆ.

ಮಕ್ಕಳು ತಮ್ಮ ಮನೆಯ ಮಾತಲ್ಲಿ ಹೇಳಲಿ. ಹುರುಳಿಕಾಳಿನಲ್ಲಿ ಮಾಡಿಸಿದರೆ ಮೈಸೂರು ಕಡೆಯ ಮಗು ಹುಳ್ಳಿ ಎನ್ನುತ್ತದೆ, ತುಳು ಮನೆಯ ಮಗು ಕುಡು ಎನ್ನುತ್ತದೆ, ತೆಲುಗು ಮನೆಯದು ಉಲವಲು ಎನ್ನುತ್ತದೆ. ಎಲ್ಲ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ. ತನ್ನ ಮನೆಯ ಮಾತಿಗೆ ಜಾಗ ಸಿಕ್ಕಿದ ಮಗು ಮುಂದಿನ ಪ್ರಶ್ನೆಗೆ ಕೈ ಎತ್ತುತ್ತದೆ. 'ಅಂಕುರಿಸುವುದು', 'ಏಕದಳ', 'ದ್ವಿದಳ' ಇಂಥ ಪದಗಳನ್ನು ಕೊಡಬೇಕಿದ್ದರೆ ಈಗ ಕೊಡಿ. ವಸ್ತು ಕಂಡ ಮೇಲೆ ಹೆಸರು ಕಲಿಯುವುದು ಸುಲಭ. ಮಕ್ಕಳು ಮಾತು ಕಲಿತಿದ್ದೂ ಹಾಗೆಯೇ ಅಲ್ವಾ.

ಕಡಲೆಯನ್ನೂ ಹೆಸರನ್ನೂ ಮಣ್ಣಲ್ಲಿ ಪಕ್ಕಪಕ್ಕ ನೆಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಹೆಸರಿನ ಬೀಜದಳಗಳು ಕಾಂಡದ ಜೊತೆ ಮಣ್ಣಿಂದ ಮೇಲೆ ಬರುತ್ತವೆ. ಕಡಲೆಯವು ಮಣ್ಣೊಳಗೇ ಉಳಿಯುತ್ತವೆ. ಐದನೇ ತರಗತಿಯ ಚುರುಕು ಮಕ್ಕಳಿಗೆ ಇದನ್ನು ಕಂಡುಹಿಡಿಯಲು ಬಿಡಿ.

ಹಂತ 8: ಪರೀಕ್ಷೆಯಲ್ಲಿ ಕೇಳುವುದು

"ಮೊಳಕೆ ಒಡೆಯುವುದು ಎಂದರೇನು?" ಎಂದು ಕೇಳಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಮಕ್ಕಳು ನೋಡದೇ ಇರುವ ಸನ್ನಿವೇಶ ಕೊಡಿ. "ಅಜ್ಜಿ ಹುರಿಗಡಲೆಯನ್ನು ನೆನೆಹಾಕಿದರು. ಮೊಳಕೆ ಬರುತ್ತದಾ? ಯಾಕೆ?" "ರಮೇಶ ಒಂದು ಲೋಟಕ್ಕೆ ಹೆಸರುಕಾಳು ಹಾಕಿ ಬಿಸಿಲಲ್ಲಿಟ್ಟ, ಇನ್ನೊಂದಕ್ಕೆ ಕಡಲೆ ಹಾಕಿ ಕತ್ತಲಲ್ಲಿಟ್ಟ. ಇದರಿಂದ ಬೆಳಕಿನ ಬಗ್ಗೆ ಏನಾದರೂ ಗೊತ್ತಾಗುತ್ತದಾ?" ಎರಡನೆಯ ಪ್ರಶ್ನೆಗೆ "ಆಗಲ್ಲ, ಅವನು ಎರಡು ಬದಲಾಯಿಸಿದ" ಎಂದು ಬರೆದ ಮಗುವಿಗೆ ಕಾಗುಣಿತ ತಪ್ಪಿದ್ದರೂ ಪೂರ್ತಿ ಅಂಕ ಕೊಡಿ.

ಇದೇ ಕ್ರಮದಲ್ಲಿ ಇನ್ನೆರಡು ಪಾಠ

ಮುಳುಗು, ತೇಲು. ಒಂದು ಟಬ್ ನೀರು. ಸಿಪ್ಪೆ ಸಮೇತ ತೆಂಗಿನಕಾಯಿ, ಗುಂಡುಸೂಜಿ, ಆಲೂಗಡ್ಡೆ, ಕಿತ್ತಳೆ ಹಣ್ಣು ಇಟ್ಟುಕೊಳ್ಳಿ. "ಭಾರ ಇದ್ದರೆ ಮುಳುಗುತ್ತೆ" ಎಂಬುದು ಎಲ್ಲರ ಊಹೆ. ತೆಂಗಿನಕಾಯಿ ತೇಲಿ ಸೂಜಿ ಮುಳುಗಿದಾಗ ಆ ಊಹೆ ಅಲುಗಾಡುತ್ತದೆ. ಸೂಜಿಯನ್ನು ತುದಿ ಕೆಳಗಾಗಿ ಬಿಡಿ, ಮೆಲ್ಲಗೆ ಅಡ್ಡ ಇಟ್ಟರೆ ನೀರಿನ ಮೇಲೇ ನಿಂತುಬಿಡಬಹುದು. ಕಿತ್ತಳೆಯನ್ನು ಸಿಪ್ಪೆ ಸಮೇತ ಬಿಟ್ಟರೆ ತೇಲುತ್ತದೆ, ಸುಲಿದು ಬಿಟ್ಟರೆ ಮುಳುಗುತ್ತದೆ. ಸುಲಿದಾಗ ಭಾರ ಕಡಿಮೆಯಾಯಿತಲ್ಲ, ಮತ್ತೆ ಯಾಕೆ ಮುಳುಗಿತು? ಸಿಪ್ಪೆಯೊಳಗಿನ ಗಾಳಿಯ ಕಡೆಗೆ ಮಾತು ತಾನಾಗಿ ಹೋಗುತ್ತದೆ. ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯಲ್ಲಿ ದೋಣಿ ಮಾಡಿ ತೇಲಿಸಿ, ಅದನ್ನೇ ಉಂಡೆ ಮಾಡಿ ಮುಳುಗಿಸುವ ಪ್ರಯೋಗವನ್ನು ತುಂಬ ಜನ ಮಾಡುತ್ತಾರೆ. ಉಂಡೆ ಸಡಿಲವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ತೇಲುತ್ತದೆ. ಮಡಚಿ, ಕಲ್ಲಿನಿಂದ ಚೆನ್ನಾಗಿ ಜಜ್ಜಿ ಚಪ್ಪಟೆ ಮಾಡಿ. ಏನೇ ಆಗಲಿ, ಎಲ್ಲವನ್ನೂ ಹಿಂದಿನ ದಿನ ಮನೆಯಲ್ಲಿ ಒಮ್ಮೆ ಮಾಡಿ ನೋಡಿ.

ನೆರಳು. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಸೂರ್ಯನನ್ನು ನೇರ ನೋಡಬಾರದು ಎಂದು ಮೊದಲೇ ಹೇಳಿ. ಇಲ್ಲಿನ ಮುಖ್ಯ ತಪ್ಪು, "ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲೆ, ನೆರಳೇ ಇರಲ್ಲ" ಎಂದು ಹೇಳಿಕೊಡುವುದು. ನಮ್ಮ ಗಡಿಯಾರ ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತದೆ. ಕರ್ನಾಟಕ ಅದಕ್ಕೆ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ನೆರಳು ಅತಿ ಗಿಡ್ಡ ಆಗುವುದು ಹನ್ನೆರಡು ಕಳೆದ ಮೇಲೆ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 12:18, ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ನೆರಳು ಪೂರ್ತಿ ಕಾಲಡಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಉತ್ತರಕ್ಕೆ ಹೋದ ಹಾಗೆ ಮೊದಲನೆಯದು ಮೇ ತಿಂಗಳಿಗೆ ಸರಿಯುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಹೋಗುವುದರಿಂದ ಆಗಸ್ಟಿನ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಮೋಡ ಇದ್ದರೆ ಹಿಂದಿನ, ಮುಂದಿನ ದಿನವೂ ನೆರಳು ಹೆಚ್ಚುಕಡಿಮೆ ಅಷ್ಟೇ ಗಿಡ್ಡ ಇರುತ್ತದೆ.

ಜಾಸ್ತಿ ಕೇಳುವ ಎರಡು ಪ್ರಶ್ನೆ

"ಮಗು ಕೇಳಿದ ಪ್ರಶ್ನೆಗೆ ನನಗೇ ಉತ್ತರ ಗೊತ್ತಿಲ್ಲದಿದ್ದರೆ?" ಗೊತ್ತಿಲ್ಲ ಎನ್ನಿ. ಒಂದು ಹಳೆ ನೋಟ್‌ಬುಕ್ಕಿಗೆ ದಾರ ಕಟ್ಟಿ ಗೋಡೆಗೆ ನೇತುಹಾಕಿ, ಅದರಲ್ಲಿ ಪ್ರಶ್ನೆಯನ್ನೂ ಮಗುವಿನ ಹೆಸರನ್ನೂ ಬರೆಯಿರಿ. ವಾರಕ್ಕೊಂದನ್ನು ಆರಿಸಿ, ಮಾಡಿ ನೋಡಬಹುದಾದರೆ ಮಾಡಿ ನೋಡಿ, ಇಲ್ಲದಿದ್ದರೆ ಹೈಸ್ಕೂಲಿನ ವಿಜ್ಞಾನ ಶಿಕ್ಷಕರನ್ನು ಕೇಳಿಕೊಂಡು ಬನ್ನಿ. ಸುಳ್ಳು ಉತ್ತರ ಮಾತ್ರ ಕೊಡಬೇಡಿ. ಚಿಕ್ಕಂದಿನಲ್ಲಿ ಟೀಚರ್ ಹೇಳಿದ ತಪ್ಪನ್ನು ತಲೆಯಿಂದ ತೆಗೆಯುವುದು ತುಂಬಾ ಕಷ್ಟ.

"ಸಿಲಬಸ್ ಮುಗಿಯಲ್ಲ, ಇದಕ್ಕೆಲ್ಲ ಸಮಯ ಎಲ್ಲಿ?" ವರ್ಷಕ್ಕೆ ಇಂಥ ನಾಲ್ಕು ಪಾಠ ಮಾಡಿ, ಉಳಿದದ್ದು ನೀವು ಮಾಡುವ ಹಾಗೆಯೇ ನಡೆಯಲಿ. ಬಹುಪಾಲು ಕೆಲಸ ದಿನದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಳತೆ ಗಣಿತಕ್ಕೆ, ಬರವಣಿಗೆ ಕನ್ನಡಕ್ಕೆ ಲೆಕ್ಕವಾಗುತ್ತದೆ. ಪಾಠಯೋಜನೆಯಲ್ಲಿ ಹಾಗೆಯೇ ಬರೆಯಿರಿ.

ಉಳಿದ ಮೊಳಕೆಗಳನ್ನು ಎಸೆಯಬೇಡಿ. ಕಾಂಪೌಂಡಿನ ಪಕ್ಕ, ದನ ಮೇಕೆ ಬಾಯಿ ಹಾಕದ ಕಡೆ ನೆಡಿಸಿ. ಹೆಸರು ಸುಮಾರು ಎರಡರಿಂದ ಎರಡೂವರೆ ತಿಂಗಳಿಗೆ ಕಾಯಿ ಒಣಗಿ ಕೊಯ್ಲಿಗೆ ಬರುತ್ತದೆ. ಜೂನ್ ಕೊನೆಗೆ ಶುರು ಮಾಡಿದರೆ ದಸರಾ ರಜೆಗೆ ಮುಂಚೆ ಕಪ್ಪಾದ ಕಾಯಿ ಸಿಗುತ್ತದೆ. ಒಂದು ಕಾಳು ಎಷ್ಟು ಕಾಳು ಕೊಟ್ಟಿತು ಎಂದು ಎಣಿಸಲು ಹೇಳಿ, ಎಣಿಸುವ ಮುಂಚೆ ಊಹೆ ಬರೆಸಿ. ಆ ಕಾಳನ್ನು ಬೆಂಕಿಪೊಟ್ಟಣಕ್ಕೆ ತುಂಬಿ, ಮೇಲೆ ಗುಂಪಿನ ಹೆಸರು, ವರ್ಷ ಬರೆದು ಬೀರುವಿನಲ್ಲಿಡಿ. ಮುಂದಿನ ಜೂನ್‌ನಲ್ಲಿ ಕೆಳಗಿನ ತರಗತಿಯಿಂದ ಬರುವ ಮಕ್ಕಳಿಗೆ ಅದೇ ಕಾಳನ್ನು ಅದನ್ನು ಬೆಳೆದ ಮಕ್ಕಳೇ ಕೊಡಲಿ.